ಚಿಕ್ಕಜ್ಜಿ ಕಾಡುಪ್ರಾಣಿಯಾದ ಕಥೆ

ನಮ್ಮೂರಿನ ಮನೆಗಳಿಗೆ ಎರಡು ಬಾಗಿಲು. ಮುಂದಿನದು ಬೀದಿಗೆ, ಹಿಂದಿನದು ಸಮುದ್ರಕ್ಕೆ. ಹಿಂದಿನ ಬಾಗಿಲು ತೆಗೆದರೆ ಕೆಂಪು ಕಲ್ಲಿನ ಮೆಟ್ಟಿಲುಗಳು, ಅವು ಮುಗಿದಲ್ಲಿ ನೀರು. ಹೊತ್ತು ಕಂತುವಾಗ ಮನೆಯವರು ಮೆಟ್ಟಿಲಿಗೆ ಬಂದು ತಮ್ಮ ತಮ್ಮ ಕಡಲಹಸುವನ್ನು ಕರೆಯುತ್ತಾರೆ. ಅವು ಬರುತ್ತವೆ. ಬೂದಿ ಬಣ್ಣದ ದೊಡ್ಡ ಮೈಯನ್ನು ಹೊರಳಿಸುತ್ತಾ ಬಂದು ಕೆಳಗಿನ ಮೆಟ್ಟಿಲಿಗೆ ಮೂತಿ ಊರಿ ನಿಲ್ಲುತ್ತವೆ, ಬೆನ್ನಿಗೆ ಅಂಟಿದ ಚಿಪ್ಪುಗಳನ್ನು ತೆಂಗಿನ ನಾರಿನಿಂದ ಉಜ್ಜಿಸಿಕೊಳ್ಳುತ್ತವೆ, ಕತ್ತಲು ಇಳಿಯುವ ಮೊದಲು ಹೊರಟುಹೋಗುತ್ತವೆ. ಅವುಗಳ ಹಾಲು ಕರೆಯುವುದಿಲ್ಲ, ಅವನ್ನು ಕಟ್ಟಿಹಾಕುವುದೂ ಇಲ್ಲ. ಬಂದು ಹೋದ ಮೇಲೆಯೇ ಮನೆಯಲ್ಲಿ ದೀಪ ಹಚ್ಚುವುದು, ಊಟಕ್ಕೆ ಬಡಿಸುವುದು. ಹಸು ತಡವಾದರೆ ಊಟವೂ ತಡ. ಹಸಿದ ಮಕ್ಕಳು ಮೆಟ್ಟಿಲಿಗೆ ಬಂದು ಸಮುದ್ರಕ್ಕೆ ಬೈಯುವುದು ನಮ್ಮಲ್ಲಿ ಮಾಮೂಲು.

ಒಂದೊಂದು ಮನೆಯ ಕರೆ ಒಂದೊಂದು ರೀತಿ. ಪಕ್ಕದ ಮನೆಯ ಲಚ್ಚು ಅತ್ತೆ ತನ್ನ ಹಸುವನ್ನು ಬೈದೇ ಕರೆಯುತ್ತಾಳೆ. ಊರು ಸುತ್ತುವವಳೇ, ಮನೆ ಮಠ ಇಲ್ಲದವಳೇ ಎಂದು ಶುರುವಾದದ್ದು ಅದರ ತಾಯಿ, ಅಜ್ಜಿಯವರೆಗೂ ಹೋಗುತ್ತದೆ. ಪ್ರೀತಿಯಿಂದ ಕರೆದರೆ ಅದು ತಿರುಗಿಯೂ ನೋಡುವುದಿಲ್ಲ. ಪಂಚಾಯ್ತಿ ಅಧ್ಯಕ್ಷ ಮೋನಪ್ಪಣ್ಣನ ಮನೆಯದು ಕೆಮ್ಮಿಗೆ ಬರುತ್ತದೆ. ಅವನ ತಂದೆಗೆ ದಮ್ಮು ಇತ್ತು. ಸಂಜೆ ಗಾಳಿಗೆಂದು ಮೆಟ್ಟಿಲಲ್ಲಿ ಕೂತು ಕೆಮ್ಮುತ್ತಿದ್ದರು, ಹಸು ಅದನ್ನೇ ಕರೆ ಎಂದು ತಿಳಿದುಕೊಂಡಿತು. ಈಗ ಮೋನಪ್ಪಣ್ಣ ಗಟ್ಟಿಮುಟ್ಟಾಗಿದ್ದರೂ ದಿನಾ ಕೂತು ಕೆಮ್ಮಬೇಕು. ಶೀತವಾದ ದಿನ ಅದು ನಡುಮಧ್ಯಾಹ್ನವೇ ಬಂದು ನಿಂತು ಅವನನ್ನು ಪೇಚಿಗೆ ಸಿಕ್ಕಿಸುವುದೂ ಉಂಟು.

ನಮ್ಮ ಮನೆಯದು ಕಥೆಗೆ ಬರುತ್ತಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದ್ದು ಅಜ್ಜಿ, ಅಪ್ಪನ ತಾಯಿ. ಅವಳು ನನ್ನನ್ನು ತೊಡೆಯ ಪಕ್ಕ ಕೂರಿಸಿಕೊಂಡು, ಕಾಲನ್ನು ನೀರಿಗೆ ಇಳಿಬಿಟ್ಟು, ನಿನ್ನೆ ನಿಲ್ಲಿಸಿದಲ್ಲಿಂದ ಕಥೆ ಎತ್ತಿಕೊಳ್ಳುತ್ತಿದ್ದಳು. ನಾನು ಹೂಂ ಅನ್ನಬೇಕು. ಹೂಂ ಅನ್ನದಿದ್ದರೆ ಅಜ್ಜಿಯ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ರಾಜಕುಮಾರಿ ಒಂದು ಕಾಲು ಹೊಸ್ತಿಲಿನ ಒಳಗೆ, ಇನ್ನೊಂದು ಹೊರಗೆ ಇಟ್ಟು ಹಾಗೇ ನಿಂತುಬಿಡುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದಂತೆ ನೀರು ಮೆಲ್ಲಗೆ ಉಬ್ಬಿ, ಎರಡು ಮೂಗಿನ ಹೊಳ್ಳೆಗಳು ಮೇಲೆ ಬಂದು, ಒದ್ದೆಯಾದ ಒಂದು ಉಸಿರು ಹೊರಬೀಳುತ್ತಿತ್ತು. ಅದೂ ಹೂಂ ಅಂದ ಹಾಗೆಯೇ ಕೇಳುತ್ತಿತ್ತು. "ಒಣ ಹೂಂ ಒಂದು, ಹಸಿ ಹೂಂ ಒಂದು. ನನಗೆ ಇನ್ನೆಂತ ಬೇಕು," ಅನ್ನುತ್ತಿದ್ದಳು ಅಜ್ಜಿ. ಆ ಹಸುವನ್ನು ಅಜ್ಜಿ ತಂಗಿ ಎಂದು ಕರೆಯುತ್ತಿದ್ದಳು. ಹಾಗಾಗಿ ಅಪ್ಪನಿಗೆ ಅವಳು ಚಿಕ್ಕಮ್ಮ, ನನಗೆ ಚಿಕ್ಕಜ್ಜಿ. ಚಿಕ್ಕಜ್ಜಿ ಬಂದು ಬೆನ್ನು ಕೊಟ್ಟು ನಿಂತಳೆಂದರೆ, ಕಥೆ ಎಷ್ಟು ರಸವತ್ತಾದ ಜಾಗದಲ್ಲಿದ್ದರೂ ಅಜ್ಜಿ ಅಲ್ಲಿಗೇ ನಿಲ್ಲಿಸಿ ನಾರು ಕೈಗೆತ್ತಿಕೊಳ್ಳುತ್ತಿದ್ದಳು. ಒಂದು ಕಥೆ ಮುಗಿಯುವ ಸೂಚನೆ ಕಂಡರೆ ಅದರ ಹೊಟ್ಟೆಯಿಂದ ಇನ್ನೊಂದನ್ನು ಎಳೆಯುತ್ತಿದ್ದಳು. ಮುಗಿಸಿದರೆ ಚಿಕ್ಕಜ್ಜಿಗೆ ನಮ್ಮ ಮನೆಯಲ್ಲಿ ಇನ್ನು ಕೆಲಸವಿಲ್ಲ, ಹೊರಟುಹೋಗುತ್ತಾಳೆ, ಎಂದು ನನಗೆ ಹೇಳಿಕೊಟ್ಟಿದ್ದಳು.

ಒಂದು ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಆಗ ನಡೆಯುತ್ತಿದ್ದದ್ದು ಉಪ್ಪು ಮಾರುವವಳ ಮಗಳ ಕಥೆ. ಎಲ್ಲೋ ಒಂದು ಕಡೆ ಸಮುದ್ರ ಸಿಹಿಯಾಗಿದೆಯಂತೆ ಎಂದು ಕೇಳಿ ಆ ಹುಡುಗಿ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಹೊರಟಿದ್ದಳು, ದಾರಿಯಲ್ಲಿ ಒಂದು ಹುಣಿಸೆಮರದ ಕೆಳಗೆ ಕೂತಿದ್ದಳು. ಅವಳನ್ನು ಅಲ್ಲೇ ಕೂರಿಸಿ ಅಜ್ಜಿ ಹೋದಳು. ಮುಂದೇನು ಎಂದು ನನಗೆ ಗೊತ್ತಿರಲಿಲ್ಲ. ಹೂಂ ಅನ್ನುವುದೊಂದೇ ಕಲಿತವಳು ನಾನು. ಆದರೂ ಸಂಜೆ ಮೆಟ್ಟಿಲಿಗೆ ಹೋಗಿ ಆ ಹುಡುಗಿಯನ್ನು ಹುಣಿಸೆಮರದ ಕೆಳಗಿನಿಂದ ಎಬ್ಬಿಸಿದೆ. ಒಂದು ಗುಡ್ಡ ಹತ್ತಿಸಿದೆ. ಒಬ್ಬ ಬಳೆಗಾರ ಸಿಕ್ಕ, ಒಂದು ಕುರುಡು ಕುದುರೆ ಸಿಕ್ಕಿತು. ಸಿಹಿ ಸಮುದ್ರದ ಹತ್ತಿರ ಮಾತ್ರ ಅವಳನ್ನು ಹೋಗಗೊಡಲಿಲ್ಲ. ಚಿಕ್ಕಜ್ಜಿ ಬರುತ್ತಿದ್ದಳು. ಅಜ್ಜಿಯಷ್ಟು ಚೆನ್ನಾಗಿ ನನಗೆ ಹೇಳಲು ಬರದೆ ಇದ್ದರೂ ಹೂಂ ಅಂದು, ಬೆನ್ನು ಕೊಟ್ಟು, ಹೋಗುತ್ತಿದ್ದಳು. ಮನೆಯಲ್ಲಿ ಅಜ್ಜಿಯ ಸೀರೆಗಳಿದ್ದವು, ಎಲೆಯಡಿಕೆ ಪೆಟ್ಟಿಗೆ ಇತ್ತು. ಆದರೆ ಅಜ್ಜಿಯ ದನಿಯನ್ನು ನನ್ನ ಜೊತೆ ಕೂತು ಕೇಳಿದವರೆಂದು ಇದ್ದವಳು ಚಿಕ್ಕಜ್ಜಿ ಒಬ್ಬಳೇ.

ಆ ವರ್ಷ ಅವಳ ಬೆನ್ನುಮೂಳೆ ಕೈಗೆ ಹತ್ತುತ್ತಿತ್ತು. ಎಲ್ಲರ ಮನೆಯ ಹಸುಗಳೂ ಸೊರಗಿದ್ದವು. ಬಡಗು ದಿಕ್ಕಿನಲ್ಲಿ ಬಂದರು ಮಾಡುತ್ತೇವೆಂದು ಕಡಲ ತಳ ತೋಡಿ ತೋಡಿ, ಆ ಕೆಸರೆಲ್ಲ ನಮ್ಮ ಕಡೆ ಬಂದು ನೀರಿನಡಿಯ ಹುಲ್ಲಿನ ಮೇಲೆ ಕೂತಿತ್ತು. ಉಳಿದ ಹುಲ್ಲನ್ನು ದೊಡ್ಡ ಬೋಟುಗಳ ಬಲೆ ಕಿತ್ತುಕೊಂಡು ಹೋಗುತ್ತಿತ್ತು. ಮೇವಿಗೆ ದೂರ ಹೋಗಬೇಕಾಗಿ ಹಸುಗಳು ತಡವಾಗಿ ಬರತೊಡಗಿದವು, ಊರಿನ ಊಟವೂ ತಡವಾಯಿತು. ಕೆಲವು ಬರುವುದನ್ನೇ ಬಿಟ್ಟವು. ಆಗ ಮೋನಪ್ಪಣ್ಣನಿಗೆ ಸರ್ಕಾರದ ಒಂದು ಅನುದಾನದ ಸುದ್ದಿ ಸಿಕ್ಕಿತು. ಅಳಿದುಹೋಗುತ್ತಿರುವ ಕಡಲಜೀವಿಗಳನ್ನು ಉಳಿಸಿ ಬೆಳೆಸುವುದಕ್ಕೆ ದುಡ್ಡು ಕೊಡುತ್ತಾರೆ, ಹುಲ್ಲು ನೆಡಿಸುತ್ತಾರೆ, ಅಲ್ಲಿಗೆ ಬೋಟು ಬರದಂತೆ ಮಾಡುತ್ತಾರೆ ಎಂದು. ಊರೆಲ್ಲ ಸೇರಿ ಅರ್ಜಿ ಹಾಕಿದೆವು. ಅದರಲ್ಲಿ, ನಮ್ಮ ಮನೆಗಳ ಹಸುಗಳು ಬಡವಾಗಿವೆ, ದಯವಿಟ್ಟು ಮೇವಿನ ವ್ಯವಸ್ಥೆ ಮಾಡಿಕೊಡಿ, ಎಂದು ಬರೆದೆವು. ಸ್ವಲ್ಪ ದಿನಕ್ಕೆ ಜೀಪಿನಲ್ಲಿ ಒಬ್ಬ ದನದ ಡಾಕ್ಟರು ಬಂದರು. ಕಾಲುಬಾಯಿ ರೋಗದ ಲಸಿಕೆ ತಂದಿದ್ದರು. ಮೆಟ್ಟಿಲಲ್ಲಿ ನಿಂತು, ಬಂದ ಹಸುಗಳನ್ನು ನೋಡಿ, ಅವಕ್ಕೆ ಕಾಲು ಇಲ್ಲವಲ್ಲ ಎಂದು ಬಹಳ ಹೊತ್ತು ಯೋಚಿಸಿ, ಒಂದು ಲೋಟ ಎಳನೀರು ಕುಡಿದು ವಾಪಸ್ಸಾದರು.

ಒಳ್ಳೆಯ ಮನುಷ್ಯ. ಹೋಗುವಾಗ ಮೋನಪ್ಪಣ್ಣನನ್ನು ಬದಿಗೆ ಕರೆದು ತಪ್ಪು ಎಲ್ಲಿ ಆಯಿತೆಂದು ಹೇಳಿಹೋದರು. ನಮ್ಮದು ಎಂದು ಬರೆದದ್ದೇ ತಪ್ಪು. ಕರೆದರೆ ಬರುವುದು ಸಾಕುಪ್ರಾಣಿ, ಸಾಕುಪ್ರಾಣಿಗೆ ಈ ಅನುದಾನ ಇಲ್ಲ. ಕಾಡಿನಲ್ಲಿ ಹುಲಿ ಇದ್ದ ಹಾಗೆ, ಯಾರ ಹಂಗೂ ಇಲ್ಲದೆ ಕಡಲಲ್ಲಿ ಇರುವ ಪ್ರಾಣಿಗಾದರೆ ಸಿಗುತ್ತದೆ. ಮೋನಪ್ಪಣ್ಣ ಹೊಸ ಅರ್ಜಿ ಹಾಕಿದ. ನೋಡಿ ವರದಿ ಮಾಡಲು ಒಬ್ಬ ಮೇಡಂ ಬರುತ್ತಾರೆಂದು ಉತ್ತರ ಬಂತು. ಅವನು ಊರಿನವರನ್ನು ತನ್ನ ಜಗಲಿಗೆ ಕರೆಸಿ, ಮೇಡಂ ಇರುವಷ್ಟು ದಿನ ಯಾರೂ ಹಸು ಕರೆಯಬಾರದು, ಬೆನ್ನು ಉಜ್ಜಬಾರದು, ಹೆಸರು ಹೇಳಬಾರದು ಎಂದ.

"ಹಾಗಾದ್ರೆ ಅದಾಗಿಯೇ ಬಂದು ಮೆಟ್ಟಿಲಲ್ಲಿ ನಿಂತ್ರೆ ಎಂತ ಮಾಡುದು ಮೋನಪ್ಪ?" ಲಚ್ಚು ಅತ್ತೆ ಕೇಳಿದಳು. "ನಮಗೆ ನಿನ್ನ ಪರಿಚಯ ಇಲ್ಲ ಅಂತ ಹೇಳುದಾ?"

"ಹಾಗೇ ಹೇಳುದು ಅತ್ತೆ. ನೀವು ಬೈದು ಗೀದು ಬಿಟ್ಟೀರಿ, ಅಷ್ಟೇ ನನಗೆ ಹೆದರಿಕೆ."

"ನೀನು ಕೆಮ್ಮದಿದ್ರೆ ಸಾಕು," ಅಂದಳು ಅತ್ತೆ.

ಎಲ್ಲರೂ ನಕ್ಕರು. ಆಮೇಲೆ ಯಾರೂ ಎದ್ದು ಹೋಗಲಿಲ್ಲ. ಬಹಳ ಕಾಲ ಕರೆಯದೆ ಇದ್ದರೆ ಹಸು ಮನೆ ಮರೆಯುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಹುಲ್ಲು ಇಲ್ಲದಿದ್ದರೆ ಹಸುವೇ ಇರುವುದಿಲ್ಲ ಎಂಬುದೂ ತಿಳಿದಿತ್ತು. ನಾನು ಉಪ್ಪಿನವಳ ಮಗಳ ಬಗ್ಗೆ ಯೋಚಿಸುತ್ತಿದ್ದೆ. ಹಿಂದಿನ ಸಂಜೆ ಅವಳನ್ನು ಒಂದು ನದಿಯ ನಡುವೆ, ಕುರುಡು ಕುದುರೆಯ ಬೆನ್ನ ಮೇಲೆ ಬಿಟ್ಟು ಬಂದಿದ್ದೆ.

ಮಂದಾಕಿನಿ ಮೇಡಂ ಬಯಲುಸೀಮೆ ಕಡೆಯವರು. ಸಮುದ್ರ ನೋಡಿದ್ದು ಕಡಿಮೆ, ಅದರ ಬಗ್ಗೆ ಓದಿದ್ದು ಬಹಳ. ಅಜ್ಜಿಯ ಕೋಣೆ ಖಾಲಿ ಇದೆಯೆಂದು ಅವರನ್ನು ನಮ್ಮ ಮನೆಯಲ್ಲೇ ಇಳಿಸಿದರು. ದುರ್ಬೀನು ಹಿಡಿದು ಬೆಳಗ್ಗೆಯೇ ದೋಣಿಯಲ್ಲಿ ಹೋಗಿ, ಬಿಸಿಲಿಗೆ ಕೆಂಪಾಗಿ ಬಂದು, ಏನೂ ಕಾಣಲಿಲ್ಲ ಕಣ್ರೀ ಎಂದು ಬೇಸರದಿಂದ ಊಟಕ್ಕೆ ಕೂರುತ್ತಿದ್ದರು. ಊರು ಸಂಜೆಯಾದರೆ ಹಿಂದಿನ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಲಚ್ಚು ಅತ್ತೆ ಬೈಗುಳವೆಲ್ಲ ಹೊಟ್ಟೆಯಲ್ಲೇ ಉಳಿದು ಅಜೀರ್ಣವಾಗಿದೆ ಎಂದು ಕಷಾಯ ಕುಡಿಯುತ್ತಿದ್ದಳು. ಮೋನಪ್ಪಣ್ಣನಿಗೆ ಆ ವಾರವೇ ನಿಜವಾದ ಕೆಮ್ಮು ಹಿಡಿಯಿತು. ಅದು ಬಂದಾಗಲೆಲ್ಲ ಒಳಕೋಣೆಗೆ ಓಡಿ ಅಕ್ಕಿ ಮೂಟೆಗೆ ಮುಖ ಒತ್ತಿ ಕೆಮ್ಮುತ್ತಿದ್ದ. ಮೇಡಂಗೆ ಪಾಪ ಅನ್ನಿಸಿ, ಪೇಟೆಯಿಂದ ಕೆಮ್ಮಿನ ಸಿರಪ್ಪು ತರಿಸಿಕೊಟ್ಟರು. ಹಸುಗಳಂತೂ ಬರಲಿಲ್ಲ. ಕರೆ ಕೇಳದೆ ಅವು ಎಲ್ಲಿ ನಿಂತಿದ್ದವೋ. ಮೇಡಂ ಇಲ್ಲಿ ಕಡಲಹಸು ಇಲ್ಲವೇ ಇಲ್ಲ ಎಂದು ಬರೆದುಬಿಡುತ್ತಾರೋ ಎಂದು ಊರಿಗೆ ಹೊಸ ಭಯ ಹಿಡಿಯಿತು. ಕರೆದರೂ ಕಷ್ಟ, ಕರೆಯದಿದ್ದರೂ ಕಷ್ಟ.

ಮೇಡಂಗೆ ಒಬ್ಬಳು ಪುಟ್ಟ ಮಗಳು, ಧಾತ್ರಿ ಎಂದು. ಹೊತ್ತು ಕಂತುತ್ತಲೇ ಊಟ ಮಾಡಿ ಮಲಗುವವಳು, ಅಮ್ಮ ಫೋನಿನಲ್ಲಿ ಕಥೆ ಹೇಳದೆ ಕಣ್ಣು ಮುಚ್ಚುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹಿಂದಿನ ಮೆಟ್ಟಿಲಲ್ಲಿ ಮಾತ್ರ. ಮೇಡಂ ಅಲ್ಲಿ ಕೂತು ಒಂದು ಹುಲಿಯ ಕಥೆಯನ್ನು ದಿನಾ ಹೇಳುತ್ತಿದ್ದರು. ಆ ಹುಲಿ ಸವೆದು ಬೆಕ್ಕಾಗಿತ್ತು. ಒಂದು ಮಧ್ಯಾಹ್ನ ನಾನು ತೆಂಗಿನಕಾಯಿ ತುರಿಯುತ್ತಿದ್ದಾಗ ಅಡುಗೆಮನೆಗೆ ಬಂದು, "ಸುಗಂಧಿ, ನಿಮ್ಮಜ್ಜಿ ತುಂಬಾ ಕಥೆ ಹೇಳ್ತಿದ್ರಂತೆ. ನನಗೂ ಒಂದು ಹೇಳಿಕೊಡ್ರಿ, ಮಗಳು ನನ್ನ ಮರ್ಯಾದೆ ತೆಗೀತಿದಾಳೆ," ಅಂದರು.

ಇಲ್ಲವೆನ್ನಬಹುದಿತ್ತು. ಬೇರೆ ಕಥೆ ಹೇಳಬಹುದಿತ್ತು. ನಾನು ತುರಿಯುವುದನ್ನು ನಿಲ್ಲಿಸಿ ಉಪ್ಪಿನವಳ ಮಗಳ ಕಥೆ ಹೇಳಿದೆ. ಕೊಡ ಸೊಂಟಕ್ಕೇರಿಸಿದಲ್ಲಿಂದ ನದಿಯ ನಡುವಿನ ಕುದುರೆಯವರೆಗೆ. ಹೇಳಿದ್ದು ಅಡುಗೆಮನೆಯಲ್ಲಿ, ಅದನ್ನು ಕರೆದದ್ದು ಎಂದು ಯಾರೂ ಹೇಳುವಂತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ಬಾಗಿಲ ಸಂದಿಗೆ ಕಿವಿಯಿಟ್ಟು ನಿಂತೆ. ಮೇಡಂ ಹೇಳುತ್ತಿದ್ದರು, ಫೋನಿನ ಒಳಗಿಂದ ಧಾತ್ರಿ ಹೂಂ, ಹೂಂ ಅನ್ನುತ್ತಿದ್ದಳು. ನದಿಯ ನಡುವೆ ಬಂದು ಮೇಡಂಗೆ ಕಥೆ ಸಾಲದೆ ನಿಂತಿತು. ಅಷ್ಟು ಹೊತ್ತಿಗೆ ನೀರು ಉಬ್ಬಿತು. ಚಿಕ್ಕಜ್ಜಿ ಬಂದಿದ್ದಳು. ಮೂತಿ ಎತ್ತಿ ಮೆಟ್ಟಿಲನ್ನೆಲ್ಲ ಹುಡುಕಿದಳು, ನಾನು ಕೂರುವ ಜಾಗ ನೋಡಿದಳು. ಬಾಗಿಲ ಚಿಲಕದ ಮೇಲೆ ನನ್ನ ಕೈ ಇತ್ತು. ಮೇಡಂ ಉಸಿರು ಕಟ್ಟಿ, "ಧಾತ್ರಿ, ಫೋನ್ ಇಡ್ತೀನಿ ಕಂದಾ," ಎಂದು ಪಿಸುಗುಟ್ಟಿದರು.

ಮರುದಿನ ಊರಿನಲ್ಲಿ ಹಬ್ಬ. ಕಾಡುಪ್ರಾಣಿ ತಾನಾಗಿಯೇ ಕಾಣಿಸಿಕೊಂಡಿತು ಎಂದು ಮೇಡಂ ಬರೆದುಕೊಂಡರು, ಸಿರಪ್ಪು ಕುಡಿಯುತ್ತಿದ್ದ ಮೋನಪ್ಪಣ್ಣ ಕಣ್ಣೊರೆಸಿಕೊಂಡ. ಲಚ್ಚು ಅತ್ತೆ ಮಾತ್ರ ಬೇಲಿಯಾಚೆಯಿಂದ ನನ್ನನ್ನೇ ನೋಡಿ, "ಕೈ ಕೆಸರಾಗದ ಹಾಗೆ ಮೀನು ಹಿಡಿದಿದ್ದಿ ಮಾರಾಯ್ತಿ," ಅಂದಳು. ಆಮೇಲೆ ದಿನವೂ ಮಧ್ಯಾಹ್ನ ನಾನು ಮೇಡಂಗೆ ಒಂದು ತುಂಡು ಕಥೆ ಕೊಡುತ್ತಿದ್ದೆ, ಸಂಜೆ ಅವರು ಅದನ್ನು ಮಗಳಿಗೆ ಕೊಡುತ್ತಿದ್ದರು, ಚಿಕ್ಕಜ್ಜಿ ಬಂದು ಕೇಳುತ್ತಿದ್ದಳು. ನನಗೆ ಸಿಗುತ್ತಿದ್ದದ್ದು ಬಾಗಿಲ ಸಂದಿಯಷ್ಟು ಚಿಕ್ಕಜ್ಜಿ. ಅಷ್ಟು ಸಾಕೆಂದುಕೊಂಡಿದ್ದೆ. ಕಥೆ ಮುಗಿಸಬೇಡಿ ಎಂದು ಒಂದು ಮಾತು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಏಕೆಂದು ಕೇಳುತ್ತಿದ್ದರು. ನಾನು ಕೊಡದ ಕೊನೆಯನ್ನು ಅವರೇ ಕಟ್ಟಿ ಹೇಳಿಯಾರು ಎಂಬುದೂ ನನಗೆ ಹೊಳೆದಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಮೇಡಂ ಮೆಟ್ಟಿಲಲ್ಲಿದ್ದರು. ಮುಂದಿನ ಜಗಲಿಯಲ್ಲಿ ಮೋನಪ್ಪಣ್ಣ ಅಪ್ಪನ ಜೊತೆ ಕೂತು, ವರದಿಗೆ ಮೇಡಂ ಸಹಿಗಾಗಿ ಕಾಯುತ್ತಿದ್ದ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಧಾತ್ರಿಗೆ ಆ ದಿನ ಜ್ವರವಂತೆ, ಫೋನಿನಲ್ಲಿ ಅಳುತ್ತಿದ್ದಳು. ನೀನು ದಿನಾ ಅರ್ಧಕ್ಕೆ ನಿಲ್ಲಿಸ್ತೀಯ, ನನಗೆ ನಿದ್ದೆಯಲ್ಲೂ ಆ ಹುಡುಗಿ ನಡೀತಾನೇ ಇರ್ತಾಳೆ ಎಂದು. ಮೇಡಂ ಅವಳನ್ನು ರಮಿಸಿದರು. ಆಯ್ತು ಬಂಗಾರ, ಇವತ್ತು ಪೂರ್ತಿ ಹೇಳ್ತೀನಿ, ಅಂದರು. ಸೌಟು ಕೈಯಲ್ಲಿ ಹಿಡಿದೇ ನಾನು ಬಾಗಿಲಿಗೆ ಓಡಿದೆ. ಉಪ್ಪಿನವಳ ಮಗಳು ಆಗಲೇ ಗುಡ್ಡ ಇಳಿಯುತ್ತಿದ್ದಳು. ಸಿಹಿ ಸಮುದ್ರ ಕಾಣಿಸಿತು. ಕೊಡ ತುಂಬಿಸಿದಳು. ಕೆಳಗಿನ ಮೆಟ್ಟಿಲಿಗೆ ಮೂತಿ ಊರಿ ಚಿಕ್ಕಜ್ಜಿ ಕೇಳುತ್ತಿದ್ದಳು, ಹೂಂ ಎಂದು ಉಸಿರು ಬಿಟ್ಟಳು. ನಾನು ಬಾಗಿಲು ತೆಗೆದು, ಚಿಕ್ಕಜ್ಜೀ ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು. ಬೆನ್ನ ಹಿಂದೆ ಜಗಲಿಯಲ್ಲಿ ಮೋನಪ್ಪಣ್ಣ ಕೆಮ್ಮು ನುಂಗುವ ಸದ್ದು ಕೇಳಿಸಿತು. ಅವಳ ಬೆನ್ನುಮೂಳೆ ಸಂಜೆಯ ಬೆಳಕಿನಲ್ಲಿ ಇಲ್ಲಿಂದಲೇ ಕಾಣುತ್ತಿತ್ತು. ನಾನು ಸೌಟನ್ನು ಎದೆಗೆ ಒತ್ತಿಕೊಂಡು ನಿಂತೆ. ಎಣ್ಣೆ ಸೀದ ವಾಸನೆ ಬರುತ್ತಿತ್ತು.

"ಆ ಸಿಹಿ ನೀರನ್ನ ತಂದು ತನ್ನೂರಿನ ಸಮುದ್ರಕ್ಕೆ ಸುರಿದಳು. ಸಮುದ್ರವೆಲ್ಲ ಸಿಹಿಯಾಯ್ತು. ಎಲ್ಲರೂ ಸುಖವಾಗಿದ್ರು. ಮುಗೀತು, ಕಣ್ಣು ಮುಚ್ಚು," ಅಂದರು ಮೇಡಂ.

ಚಿಕ್ಕಜ್ಜಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಅವಸರವಿಲ್ಲದೆ ತಿರುಗಿ, ನೀರಿನೊಳಗೆ ಇಳಿದು ಹೋದಳು. ಒಳಗೆ ಬಂದ ಮೇಡಂ ಕಣ್ಣಲ್ಲಿ ನೀರಿತ್ತು. ಎಷ್ಟು ಗಾಂಭೀರ್ಯ ನೋಡ್ರಿ ಆ ಪ್ರಾಣಿಗೆ, ಯಾರ ಹಂಗೂ ಇಲ್ಲದ ಹಾಗೆ ಹೋಯ್ತು, ಎಂದು ನನ್ನ ಕೈ ಹಿಡಿದುಕೊಂಡರು. ಆ ರಾತ್ರಿಯೇ ಸಹಿ ಹಾಕಿದರು. ಸೀದುಹೋದ ಒಗ್ಗರಣೆಯ ಸಾರನ್ನು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮೇಡಂ ಬಸ್ಸು ಹತ್ತಿದ್ದೇ ತಡ, ಮೋನಪ್ಪಣ್ಣ ಮೆಟ್ಟಿಲಿಗೆ ಹೋಗಿ ಅಷ್ಟು ದಿನದ ಕೆಮ್ಮನ್ನೆಲ್ಲ ಒಟ್ಟಿಗೇ ಕೆಮ್ಮಿದ. ಲಚ್ಚು ಅತ್ತೆಯ ಬೈಗುಳ ಊರ ಆ ಕೊನೆಯವರೆಗೆ ಕೇಳಿಸಿತು. ಒಂದೊಂದಾಗಿ ಹಸುಗಳು ಬಂದವು, ಕೆಲವು ಮನೆ ತಪ್ಪಿ ಪಕ್ಕದ ಮೆಟ್ಟಿಲಿಗೂ ಹೋದವು. ಅನುದಾನವೂ ಬಂತು. ಊರಿನ ಹೆಂಗಸರೇ ಸೊಂಟದವರೆಗೆ ನೀರಿಗಿಳಿದು, ಬೇರೆ ಕಡೆಯಿಂದ ತಂದ ಹುಲ್ಲನ್ನು ನಾಟಿ ಮಾಡುವ ಹಾಗೆ ನೆಟ್ಟೆವು. ಬೋಟುಗಳು ದೂರದಿಂದಲೇ ಬಳಸಿ ಹೋಗತೊಡಗಿದವು. ಹುಲ್ಲು ಹಿಡಿಯಿತು. ಸಂಜೆ ಮುಳುಗು ಹಾಕಿ ನೋಡಿದರೆ ತಳವೆಲ್ಲ ಹಸಿರಾಗಿ ಅಲ್ಲಾಡುತ್ತಿತ್ತು. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತು.

ನಮ್ಮ ಮನೆಗೆ ಮಾತ್ರ ಚಿಕ್ಕಜ್ಜಿ ಬರಲಿಲ್ಲ. ನಾನು ಬೇರೆ ಕಥೆಗಳನ್ನೆಲ್ಲ ಹೇಳಿ ನೋಡಿದೆ, ಗಂಟಲು ಬಿದ್ದುಹೋಯಿತು. ಬಂದು ಹೋಗುವವರು ಇಲ್ಲದ ಮೇಲೆ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತು ಯಾವುದೆಂದು ಯಾರಿಗೂ ತಿಳಿಯದಾಯಿತು. ಅಪ್ಪ ಬೆಂಕಿಪೆಟ್ಟಿಗೆ ಹಿಡಿದು ದೇವರ ಮುಂದೆ ಕೂತು, ಹಚ್ಚುದಾ ಎಂದು ಒಳಗಿಂದ ಕೇಳುತ್ತಿದ್ದರು. ನಾನು ಮೆಟ್ಟಿಲಲ್ಲಿ ಕೂತು ಸುಮ್ಮನಿರುತ್ತಿದ್ದೆ. ಬಹಳ ಹೊತ್ತಾದ ಮೇಲೆ ಕಡ್ಡಿ ಗೀರುವ ಸದ್ದು ಕೇಳುತ್ತಿತ್ತು. ಲಚ್ಚು ಅತ್ತೆ ಒಂದು ದಿನ ತನ್ನ ಹಸುವಿನ ಬೆನ್ನು ಉಜ್ಜುತ್ತಾ, "ಈಚೆ ಬಾ ಸುಗಂಧಿ, ಅರ್ಧ ಬೆನ್ನು ನೀನು ಉಜ್ಜು. ಇವಳ ಬೆನ್ನು ಒಬ್ಬಳಿಗೆ ಮುಗಿಯುದಿಲ್ಲ," ಎಂದು ಕರೆದಳು. ಹೋಗಿ ಉಜ್ಜಿದೆ. ಅತ್ತೆ ಅಂದು ಹಸುವಿಗೆ ಒಂದೂ ಬೈಗುಳ ಬೈಯಲಿಲ್ಲ.

ಹುಲ್ಲು ನೆಟ್ಟು ಒಂದು ಮಳೆಗಾಲ ಕಳೆದಿತ್ತು. ಒಂದು ಸಂಜೆ ಮೆಟ್ಟಿಲಲ್ಲಿದ್ದಾಗ ಫೋನು ಬಂತು. ಮಂದಾಕಿನಿ ಮೇಡಂ. ಹುಲ್ಲು ಹೇಗಿದೆ ಎಂದು ಕೇಳಿದರು, ನಮ್ಮ ಹುಲ್ಲು ಅವರ ಇಲಾಖೆಯಲ್ಲಿ ಹೆಸರಾಗಿದೆ ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಇವಳ ಕಾಟ ತಡೆಯಕ್ಕಾಗ್ತಿಲ್ಲ ಸುಗಂಧಿ. ಕಥೆ ಮುಗೀತು ಅಂತ ನೂರು ಸಲ ಹೇಳಿದೀನಿ, ಒಪ್ಪಲ್ಲ. ನೀವೇ ಮಾತಾಡಿ," ಎಂದು ಫೋನನ್ನು ಮಗಳ ಕೈಗೆ ಕೊಟ್ಟರು.

"ಅಕ್ಕಾ," ಧಾತ್ರಿಯ ದನಿ ಬಂತು. "ಅವಳಮ್ಮ ಉಪ್ಪು ಮಾರ್ತಿದ್ಲು ಅಲ್ವಾ?"

"ಹೌದು."

"ಸಮುದ್ರ ಎಲ್ಲ ಸಿಹಿ ಆಗೋಯ್ತು. ಇನ್ನು ಅವಳಮ್ಮ ಏನ್ ಮಾರ್ತಾಳೆ?"

ಅಜ್ಜಿ ಇದ್ದಿದ್ದರೆ ಎಲೆಯಡಿಕೆ ಉಗಿದು, ಹಾಗೆ ಕೇಳು ಮಗಾ ಎಂದು ತೊಡೆ ತಟ್ಟುತ್ತಿದ್ದಳು. ನಾನು ಕೆಳಗಿನ ಮೆಟ್ಟಿಲಿಗೆ ಇಳಿದು ಕಾಲನ್ನು ನೀರಿಗೆ ಬಿಟ್ಟೆ. ಆ ತಾಯಿ ಬೆಳಗ್ಗೆ ಎದ್ದು ಉಪ್ಪಿನ ಗದ್ದೆಗೆ ಹೋದಳು, ಅಂದೆ. ಹೂಂ, ಅಂದಳು ಧಾತ್ರಿ. ಗದ್ದೆಯಲ್ಲಿ ಉಪ್ಪಿಲ್ಲ, ಬರೀ ಸಿಹಿ ನೀರು. ಹೂಂ. ಊರಿನ ಸಾರೆಲ್ಲ ಸಪ್ಪೆ. ಅಳುವವರ ಕಣ್ಣೀರೂ ಸಪ್ಪೆ. ಆಗ ತಾಯಿ ಮಗಳ ಮೇಲೆ ಸಿಟ್ಟಾಗಲಿಲ್ಲ, ಆ ಖಾಲಿ ಕೊಡವನ್ನೇ ತೆಗೆದು ತನ್ನ ಸೊಂಟದ ಮೇಲೆ ಇಟ್ಟುಕೊಂಡಳು. ಹೂಂ. ಬಾ, ಇಬ್ಬರೂ ಹೋಗುವ, ಉಪ್ಪಿನ ಸಮುದ್ರ ಎಲ್ಲಾದರೂ ಉಳಿದಿದೆಯಾ ನೋಡುವ ಎಂದು ಮಗಳ ಕೈ ಹಿಡಿದು ಹೊರಟಳು. ಹೋಗುತ್ತಾ ಹೋಗುತ್ತಾ ಅದೇ ಹುಣಿಸೆಮರ ಸಿಕ್ಕಿತು.

ಫೋನಿನಿಂದ ಹೂಂ ಬರಲಿಲ್ಲ. ಉಸಿರಾಟ ಮಾತ್ರ ಕೇಳುತ್ತಿತ್ತು. ಮಗು ನಿದ್ದೆಹೋಗಿತ್ತು. ಹೂಂ ಇಲ್ಲದೆ ಕಥೆ ಮುಂದೆ ಹೋಗುವುದಿಲ್ಲ, ಹುಣಿಸೆಮರದ ಕೆಳಗೆ ಅಮ್ಮ ಮಗಳು ಇಬ್ಬರನ್ನೂ ಕೂರಿಸಿ ನಾನೂ ಕೂತೆ. ಲಚ್ಚು ಅತ್ತೆಯ ಮನೆಯಲ್ಲಿ ದೀಪ ಹತ್ತಿತು. ಮೋನಪ್ಪಣ್ಣನ ಮನೆಯಲ್ಲೂ.

ಆಗ ನನ್ನ ಪಾದದ ಹತ್ತಿರ ನೀರು ಬೆಚ್ಚಗಾಯಿತು. ಒದ್ದೆಯಾದ ಒಂದು ಉಸಿರು, ಹೂಂ.

ಕಥೆಯನ್ನು ಅಲ್ಲಿಗೇ ನಿಲ್ಲಿಸಿ ನಾರಿಗಾಗಿ ಕೈ ಚಾಚಿದೆ. ಬೆನ್ನುಮೂಳೆ ಕೈಗೆ ಹತ್ತಲಿಲ್ಲ, ಅಷ್ಟು ತುಂಬಿಕೊಂಡಿದ್ದಳು. ಒಳಗಿನಿಂದ ಅಪ್ಪ ದಿನದ ಹಾಗೆ ಕೇಳಿದರು, ಹಚ್ಚುದಾ ಎಂದು.

"ಸ್ವಲ್ಪ ತಡೀರಿ ಅಪ್ಪ," ಅಂದೆ. "ಚಿಕ್ಕಜ್ಜಿ ಇನ್ನೂ ಹೋಗ್ಲಿಲ್ಲ."